ಎರಡನೇ ಅಲೆಯಲ್ಲಿ ದಿನಾ ಸಂಜೆ ಬರುತ್ತಿದ್ದ ಸಾವಿನ ಲೆಕ್ಕ ಸುಳ್ಳಾಗಿತ್ತಾ?

2021ರ ಏಪ್ರಿಲ್, ಮೇ ತಿಂಗಳಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ದಿನಾ ಸಂಜೆ ಬುಲೆಟಿನ್‌ನಲ್ಲಿ ಕೊಡುತ್ತಿದ್ದ ಕೋವಿಡ್ ಸಾವಿನ ಸಂಖ್ಯೆ ಸುಳ್ಳಾ, ಆಗ ಯಾರಾದರೂ ಕೂತು ಲೆಕ್ಕ ಇಟ್ಟಿದ್ದೀರಾ ಅಂತ ಕೇಳಿದ್ದೀರಿ. ನಾನು ಇಟ್ಟಿದ್ದೆ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನಲ್ಲಿ ನಾಲ್ಕಾರು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವ ಅಕೌಂಟೆಂಟ್. ಅಂಗಡಿಗಳೆಲ್ಲ ಮುಚ್ಚಿದ್ದವು, ಕೆಲಸ ಇರಲಿಲ್ಲ. ಸೋದರಮಾವ ಆಸ್ಪತ್ರೆಯಲ್ಲಿದ್ದರು. ಸುಮ್ನೆ ಕೂತರೆ ತಲೆ ಕೆಡುತ್ತಿತ್ತು, ಎಕ್ಸೆಲ್ ತೆಗೆದೆ.

ನನಗೆ ಗೊತ್ತಾಗಿದ್ದು ಇಷ್ಟು: ಟಿವಿಯಲ್ಲಿ ‘ಇಂದು ಇಷ್ಟು ಸಾವು’ ಅಂತ ಬರುತ್ತಿತ್ತಲ್ಲ, ಅದು ಇಂದಿನದಾಗಿರಲಿಲ್ಲ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬಳಸಿದವರಿಗೆ ಬೇಗ ಅರ್ಥವಾಗುತ್ತದೆ. ಬಿಲ್ಲಿನ ತಾರೀಖು ಬೇರೆ, ನಾವು ಅದನ್ನು ಎಂಟ್ರಿ ಮಾಡಿದ ತಾರೀಖು ಬೇರೆ. ಮಾರ್ಚ್ ಕೊನೆಯಲ್ಲಿ ಒಂದು ರಾಶಿ ಹಳೇ ಬಿಲ್ ತಂದು ಸುರಿಯುತ್ತಾರೆ. ಹಾಗಂತ ವ್ಯಾಪಾರವೆಲ್ಲ ಮಾರ್ಚ್‌ನಲ್ಲೇ ಆಯಿತು ಅನ್ನೋಕಾಗುತ್ತಾ? ಬುಲೆಟಿನ್‌ನ ಸಂಖ್ಯೆ ಎಂಟ್ರಿ ಮಾಡಿದ ತಾರೀಖಿನದು.

ಇದು ನನ್ನ ಊಹೆ ಅಲ್ಲ, ಬುಲೆಟಿನ್ನಿನಲ್ಲೇ ಇತ್ತು. ಮೊದಲ ಪುಟದ ದೊಡ್ಡ ಅಂಕಿ ನೋಡಿ ಎಲ್ಲರೂ ಪಿಡಿಎಫ್ ಮುಚ್ಚುತ್ತಿದ್ದರು. ಹಿಂದೆ ಪುಟಗಟ್ಟಲೆ ಒಂದು ಪಟ್ಟಿ ಇರುತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಜಿಲ್ಲೆ, ರೋಗಿ ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ, ಲಕ್ಷಣ, ಸಕ್ಕರೆ ಕಾಯಿಲೆ ಬಿಪಿ ಇತ್ತೇ, ಸೇರಿಸಿದ ದಿನ, ತೀರಿಕೊಂಡ ದಿನ. ಹೆಸರು ಇರುತ್ತಿರಲಿಲ್ಲ. ನಾನು ಬೆಂಗಳೂರು ನಗರದ ಸಾಲುಗಳನ್ನು ದಿನಾ ಎಕ್ಸೆಲ್‌ಗೆ ಇಳಿಸಿ, ತೀರಿಕೊಂಡ ದಿನದ ಪ್ರಕಾರ ಜೋಡಿಸುತ್ತಿದ್ದೆ. ಆಗ ಗ್ರಾಫ್‌ನ ಆಕಾರವೇ ಬದಲಾಗುತ್ತಿತ್ತು. ನಿನ್ನೆ, ಮೊನ್ನೆಯ ಸಾವು ಯಾವಾಗಲೂ ಕಡಿಮೆ ಕಾಣುತ್ತಿತ್ತು. ಇನ್ನೂ ಬರೆದಿರುತ್ತಿರಲಿಲ್ಲ, ಅಷ್ಟೇ. ವಾರ ಬಿಟ್ಟು ನೋಡಿದರೆ ಅದೇ ದಿನ ದಪ್ಪಗಾಗಿರುತ್ತಿತ್ತು.

ಮಾವ ತೀರಿಕೊಂಡಿದ್ದು ಮೇ 2ರ ರಾತ್ರಿ. ಪಟ್ಟಿಯಲ್ಲಿ ಅವರ ಸಾಲು ಸಿಕ್ಕಿದ್ದು ಹನ್ನೊಂದು ದಿನ ಆದ ಮೇಲೆ, ತಿಥಿ ಎಲ್ಲ ಮುಗಿಸಿದ್ದೆವು. ವಯಸ್ಸು, ಸೇರಿಸಿದ ದಿನ, ಬಿಪಿ, ಸಕ್ಕರೆ ಎಲ್ಲ ಹೊಂದಿತು. ಅತ್ತೆಗೆ ಮೊಬೈಲ್‌ನಲ್ಲಿ ದೊಡ್ಡದು ಮಾಡಿ ತೋರಿಸಿದೆ. ‘ಹೆಸರು ಹಾಕಿಲ್ವಾ?’ ಅಂದರು. ಆಮೇಲೆ ಮಾತಾಡಲಿಲ್ಲ. ತೋರಿಸಬಾರದಿತ್ತೇನೋ.

ಇನ್ನು ಕೇಸು ಮತ್ತು ಸಾವಿನ ನಡುವಿನ ಅಂತರ. ಮೇ 5ರಂದು ರಾಜ್ಯದಲ್ಲಿ 50,112 ಕೇಸು, ಆ ಅಲೆಯಲ್ಲೇ ಅತಿ ಜಾಸ್ತಿ. ಅವತ್ತಿನ ಬುಲೆಟಿನ್‌ನಲ್ಲಿ ಸಾವು 346. ಮೇ 23ಕ್ಕೆ ಕೇಸು 25,979ಕ್ಕೆ ಇಳಿದಿತ್ತು, ಸಾವು 626. ಕೇಸು ಅರ್ಧಕ್ಕೆ ಬಂದಿದೆ, ಸಾವು ಹೆಚ್ಚುಕಡಿಮೆ ಎರಡರಷ್ಟಾಗಿದೆ! ಜನ ಗಾಬರಿಯಾದರು. ಆದರೆ ಹದಿನೆಂಟು ದಿನದ ಈ ಅಂತರ ಕಾಯಿಲೆಯದ್ದೂ ಹೌದು, ಕಾಗದದ್ದೂ ಹೌದು. ಪಾಸಿಟಿವ್ ಬಂದು ಐದಾರು ದಿನಕ್ಕೆ ಉಸಿರು ಕಟ್ಟುತ್ತದೆ, ಆಸ್ಪತ್ರೆ ಸೇರುತ್ತಾರೆ, ಅಲ್ಲಿ ವಾರವೋ ಎರಡು ವಾರವೋ ಹೋರಾಡುತ್ತಾರೆ. ಅದರ ಮೇಲೆ ಕಾಗದ ಓಡಾಡುವ ದಿನಗಳು. ಹಾಗಾಗಿ ಸಾವಿನ ಸಂಖ್ಯೆ ನೋಡಿಕೊಂಡು ಅಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಹೇಳಹೊರಟರೆ ಎರಡು ಮೂರು ವಾರ ಹಿಂದೆ ಬೀಳುತ್ತೀರಿ.

ಹಾಗಾದರೆ ಆಸ್ಪತ್ರೆಯ ಹಾಸಿಗೆ ನೋಡಬಹುದಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಪಾಲಿಕೆಯ ವೆಬ್‌ಸೈಟ್‌ನಲ್ಲಿ ಜನರಲ್, ಎಚ್‌ಡಿಯು (ಐಸಿಯುಗಿಂತ ಒಂದು ಹಂತ ಕೆಳಗಿನದು), ಐಸಿಯು, ವೆಂಟಿಲೇಟರ್ ಅಂತ ನಾಲ್ಕು ಕಾಲಂ ಇರುತ್ತಿದ್ದವು. ಏಪ್ರಿಲ್ ಮಧ್ಯದವರೆಗೂ ಚೆನ್ನಾಗಿ ಉಪಯೋಗಕ್ಕೆ ಬಂತು, ತುಂಬಿದ ಹಾಸಿಗೆ ದಿನದಿನಕ್ಕೂ ಏರುವುದು ಕಾಣುತ್ತಿತ್ತು. ಕೊನೆಯ ವಾರಕ್ಕೆ ಖಾಲಿ ಹಾಸಿಗೆ ಐಸಿಯು ಎದುರು ಸೊನ್ನೆ, ವೆಂಟಿಲೇಟರ್ ಎದುರು ಸೊನ್ನೆ. ರಾತ್ರಿ ಎರಡು ಗಂಟೆಗೆ ರಿಫ್ರೆಶ್ ಮಾಡಿದರೂ ಸೊನ್ನೆ. ಕೊಡ ತುಂಬಿದ ಮೇಲೆ ನಲ್ಲಿ ಎಷ್ಟು ಜೋರಾಗಿ ಬಿಟ್ಟರೂ ಕೊಡದಲ್ಲಿರೋದು ಅಷ್ಟೇ ನೀರು. ಮಿಕ್ಕಿದ್ದು ಚರಂಡಿಗೆ. ನನ್ನ ಗ್ರಾಫ್‌ನಲ್ಲಿ ಗೆರೆ ಸಪಾಟಾಗಿತ್ತು. ಅದನ್ನು ನೋಡಿ ‘ಸದ್ಯ, ಏರಿಕೆ ನಿಂತಿತು’ ಅಂತ ಒಂದು ಗ್ರೂಪ್‌ನಲ್ಲಿ ಬರೆದೂಬಿಟ್ಟೆ. ಎಂಥ ದಡ್ಡತನ! ಅವತ್ತು ಆಸ್ಪತ್ರೆಗಳ ಗೇಟಿನಲ್ಲಿ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದವು. ಅಲ್ಲದೆ ಆ ಪಟ್ಟಿಯಲ್ಲಿದ್ದದ್ದು ಸರ್ಕಾರಿ ಕೋಟಾದ ಹಾಸಿಗೆ ಮಾತ್ರ.

ಸಾವಿನ ಪಟ್ಟಿಗೆ ಸೇರದೇ ಹೋದವರ ವಿಷಯ ಇನ್ನೂ ಕಷ್ಟದ್ದು. ಆಗ ಹಾಸಿಗೆ ಬೇಕೆಂದರೆ ಬಿಯು ನಂಬರ್ (ಪಾಸಿಟಿವ್ ಬಂದವರಿಗೆ ಕೊಡುತ್ತಿದ್ದ ರೋಗಿ ಸಂಖ್ಯೆ) ಬೇಕಿತ್ತು. ಅದು ಬರಬೇಕೆಂದರೆ ಆರ್‌ಟಿ-ಪಿಸಿಆರ್ ಪಾಸಿಟಿವ್ ಆಗಬೇಕಿತ್ತು. ರಿಪೋರ್ಟ್ ಬರೋಕೆ ಮೂರು ನಾಲ್ಕು ದಿನ. ನಮ್ಮ ಬೀದಿಯ ಒಬ್ಬರಿಗೆ ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶ ಹಾಳಾಗಿರುವುದು ಸ್ಪಷ್ಟವಾಗಿತ್ತು, ಟೆಸ್ಟ್ ಮಾತ್ರ ನೆಗೆಟಿವ್. ಒಂದು ನರ್ಸಿಂಗ್ ಹೋಮ್‌ನಲ್ಲಿ ತೀರಿಕೊಂಡರು. ಸರ್ಟಿಫಿಕೇಟ್‌ನಲ್ಲಿ ಬರೀ ‘ನ್ಯುಮೋನಿಯಾ’ ಅಂತ ಬರೆದುಕೊಟ್ಟರು. ನನ್ನ ಎಕ್ಸೆಲ್‌ನಲ್ಲಿ ಅವರಿಲ್ಲ. ಟೆಸ್ಟ್ ಆದ 30 ದಿನದೊಳಗೆ ಸತ್ತರೆ, ಆಸ್ಪತ್ರೆಯ ಹೊರಗೇ ಸತ್ತಿದ್ದರೂ, ಕೋವಿಡ್ ಸಾವು ಅಂತ ಪರಿಗಣಿಸಬೇಕು ಅನ್ನೋ ಕೇಂದ್ರದ ಮಾರ್ಗಸೂಚಿ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ 50,000 ರೂಪಾಯಿ ಪರಿಹಾರಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಬಹಳ ಮನೆಗಳಲ್ಲಿ ಹಳೇ ರಿಪೋರ್ಟ್ ಹುಡುಕಾಟ ಶುರುವಾಯಿತು.

ಕರ್ನಾಟಕ ಒಂದೇ ಹೀಗೆ ಅಂದುಕೊಳ್ಳಬೇಡಿ. ಬಿಹಾರ 2021ರ ಜೂನ್ 9ರಂದು ಬಿಟ್ಟುಹೋಗಿದ್ದ 3,951 ಸಾವುಗಳನ್ನು ಒಂದೇ ಸಲ ಸೇರಿಸಿತು, ಒಟ್ಟು ಲೆಕ್ಕ 9,429ಕ್ಕೆ ಹಾರಿತು. 2021ರ ಕೊನೆಗೆ ದೇಶದ ಅಧಿಕೃತ ಲೆಕ್ಕ 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2020, 2021 ಎರಡೂ ವರ್ಷ ಸೇರಿಸಿ, ಮಾಮೂಲಿಗಿಂತ ಎಷ್ಟು ಜನ ಜಾಸ್ತಿ ಸತ್ತರು ಅಂತ ಅಂದಾಜು ಮಾಡಿ 47 ಲಕ್ಷ ಅಂದಿತು. ಕೇಂದ್ರ ಸರ್ಕಾರ ಆ ವಿಧಾನವನ್ನೇ ಒಪ್ಪಲಿಲ್ಲ. 47 ಸರಿಯೋ ಅಲ್ಲವೋ, 4.8 ಲಕ್ಷ ಕಡಿಮೆ ಅನ್ನೋದರಲ್ಲಿ ನನಗಂತೂ ಅನುಮಾನ ಇಲ್ಲ. ನಮ್ಮ ಬೀದಿಯೊಂದರಲ್ಲೇ ಒಂದು ಬಿಟ್ಟುಹೋಗಿದೆಯಲ್ಲ.

ಹಾಗಾಗಿ ಸುಳ್ಳಾ ಅಂದರೆ, ಪಟ್ಟಿಯಲ್ಲಿದ್ದ ಸಾಲುಗಳು ಸುಳ್ಳಲ್ಲ. ತಡವಾಗಿ ಬಂದವು, ಕೆಲವು ಬರಲೇ ಇಲ್ಲ.

2022ರ ಜನವರಿ 23ಕ್ಕೆ ಮತ್ತೆ 50,210 ಕೇಸು ಅಂತ ಬಂತು, ಓಮಿಕ್ರಾನ್. ಎದೆ ಧಸಕ್ಕೆಂದಿತು. ಅವತ್ತು ಸಾವು 19 ಅಂತಿತ್ತು, ನಾನು ನಂಬಲಿಲ್ಲ. ಹಳೇ ಫೈಲ್ ತೆಗೆದು ಹೊಸ ಶೀಟ್ ಸೇರಿಸಿ ಮೂರು ವಾರ ಕಾದೆ. ಸಾವು ಏರಿತು, ಆದರೆ ದಿನಕ್ಕೆ ನೂರನ್ನೂ ಮುಟ್ಟಲಿಲ್ಲ. ಫೆಬ್ರವರಿ ಮಧ್ಯದಲ್ಲಿ ಫೈಲ್ ಮುಚ್ಚಿ ಜಿಎಸ್‌ಟಿ ಕೆಲಸಕ್ಕೆ ಕೂತೆ.