ನೀವು ಬರುವುದು ಕರಡಿಗೆ ಗೊತ್ತಾಗಲಿ

ಪ್ರಶ್ನೆ: ಸರ್, ನಮಸ್ಕಾರ. ನಾವು ಐದು ಜನ ಗೆಳತಿಯರು ಹಂಪಿಗೆ ಬಂದು, ಅಲ್ಲಿಂದ ಸಂಡೂರು ಕಡೆಯ ಗುಡ್ಡಗಳಲ್ಲಿ ಎರಡು ದಿನ ಚಾರಣ ಮಾಡಬೇಕು ಅಂತಿದ್ದೇವೆ. ಆ ಕಡೆ ಕರಡಿ ಜಾಸ್ತಿ, ಬೇಡವೇ ಬೇಡ ಅಂತಾರೆ ಅಮ್ಮ. ಚಿಕ್ಕವರಿದ್ದಾಗ ಕೇಳಿದ ಕಥೆಯಲ್ಲಿ ಕರಡಿ ಬಂದಾಗ ಒಬ್ಬ ಗೆಳೆಯ ಮರ ಹತ್ತುತ್ತಾನೆ, ಇನ್ನೊಬ್ಬ ಸತ್ತವನ ಹಾಗೆ ಮಲಗುತ್ತಾನೆ. ಇಬ್ಬರೂ ಉಳಿಯುತ್ತಾರೆ. ನಿಜವಾಗಿ ಕರಡಿ ಎದುರಾದರೆ ಯಾವುದು ಸರಿ?
– ಓದುಗರು, ಬೆಂಗಳೂರು

ಉತ್ತರ: ತಂಗಿ, ಅಮ್ಮನ ಭಯ ಸುಮ್ನೆ ಬಂದಿದ್ದಲ್ಲ. ಹಾಗಂತ ನೀವು ಬರೋದು ಬಿಡಬೇಕಾಗಿಯೂ ಇಲ್ಲ. ನಾನು ಫಾರೆಸ್ಟ್ ಗಾರ್ಡ್ ಆಗಿ ಕಮಲಾಪುರ, ದರೋಜಿ ಸುತ್ತಿನ ಗುಡ್ಡಗಳಲ್ಲಿ 28 ವರ್ಷ ಓಡಾಡಿದವನು. ನೋಡಿದ್ದನ್ನೇ ಹೇಳುತ್ತೇನೆ.

ಮರ ಹತ್ತುವ ಯೋಚನೆ ಬಿಡಿ. ಜೇನಿನ ಆಸೆಗೆ ಕರಡಿಯೇ ಮರ ಹತ್ತುತ್ತದೆ. ಓಡುವುದೂ ಬೇಡ, ಅದು ನಮಗಿಂತ ಜೋರು. ಮಲಗುವ ವಿಷಯದಲ್ಲಿ ಅರ್ಧ ನಿಜ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಕರಡಿ ನಮ್ಮನ್ನು ತಿನ್ನೋಕೆ ಬರುವುದಿಲ್ಲ. ಅದಕ್ಕೆ ಬೇಕಿರುವುದು ಗೆದ್ದಲು, ಇರುವೆ, ಜೇನು, ಬೋರೆ ಹಣ್ಣು, ಕವಳೆ ಹಣ್ಣು, ಸೀತಾಫಲ. ಮೂಗು ಬಲು ಚುರುಕು, ಕಣ್ಣು ಮಂದ. ಗಾಳಿ ನಿಮ್ಮ ಎದುರಿನಿಂದ ಬೀಸುತ್ತಿದ್ದರೆ ನಿಮ್ಮ ವಾಸನೆ ಅದಕ್ಕೆ ಹೋಗುವುದಿಲ್ಲ. ಹತ್ತು ಹೆಜ್ಜೆ ಹತ್ತಿರ ಹೋದಾಗ ತಟ್ಟನೆ ಗೊತ್ತಾಗುತ್ತದೆ. ಆಗ ಗಾಬರಿಬಿದ್ದು ಮೈಮೇಲೆ ಬೀಳುತ್ತದೆ.

ಒಂದು ದಿನ ಬೆಳಿಗ್ಗೆ ಆರೂವರೆ ಹೊತ್ತು, ನಾನು ಒಬ್ಬನೇ ಹೋಗುತ್ತಿದ್ದೆ. ಬಂಡೆ ತಿರುವಿನಲ್ಲಿ ಸೊರ್ ಸೊರ್ ಅಂತ ಸದ್ದು. ಇಣುಕಿದರೆ ಒಂದು ತಾಯಿ ಕರಡಿ ಹುತ್ತದೊಳಗೆ ಮೂತಿ ತೂರಿಸಿ ನಿಂತಿದೆ. ಒಮ್ಮೆ ಫೂ ಅಂತ ಮಣ್ಣು ಊದುತ್ತದೆ, ಆಮೇಲೆ ಗೆದ್ದಲು ಹೀರುತ್ತದೆ. ಕರಡಿಗೆ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಹೀರುವುದು. ಬೆನ್ನ ಮೇಲೆ ಕೂದಲು ಹಿಡಿದು ಕೂತಿದ್ದ ಮರಿ ನನ್ನನ್ನೇ ನೋಡುತ್ತಿತ್ತು. ತಾಯಿಗೆ ನಾನು ಬಂದಿದ್ದು ಗೊತ್ತಾಗಿರಲಿಲ್ಲ. ಬೆನ್ನು ತಿರುಗಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದೆ. ಬಂಡೆಯ ಈಚೆಗೆ ಬಂದ ಮೇಲೆ ಕಾಲು ನಡುಗಿ ಅಲ್ಲೇ ಕೂತೆ. ತಪ್ಪು ನನ್ನದೇ. ಒಬ್ಬನೇ, ಅಷ್ಟು ಹೊತ್ತಿಗೇ, ಬಾಯಿ ಮುಚ್ಚಿಕೊಂಡು ಹೋಗಿದ್ದೆ.

ಅದಕ್ಕೇ ಹೇಳುತ್ತೇನೆ, ನೀವು ಮಾತಾಡಿಕೊಂಡು ಹೋಗಿ. ಹಾಡು ಹೇಳಿ. ಕೋಲಿನಿಂದ ಕಲ್ಲು ತಟ್ಟಿ. ತಿರುವು ಬಂದಾಗ, ಪೊದೆ ದಟ್ಟ ಇದ್ದಾಗ ಚಪ್ಪಾಳೆ ಹೊಡೆಯಿರಿ. ನಮ್ಮ ಕುರಿ ಕಾಯುವವರು ದಾರಿಯುದ್ದಕ್ಕೂ ಹೋ ಹೋ ಅನ್ನುವುದು ಕುರಿಗಷ್ಟೇ ಅಲ್ಲ. ಸದ್ದು ಕೇಳಿದರೆ ಹೆಚ್ಚಿನ ಸಲ ಕರಡಿ ತಾನೇ ಪಕ್ಕಕ್ಕೆ ಹೋಗುತ್ತದೆ. ಕಿವಿಗೆ ಇಯರ್‌ಫೋನ್ ಮಾತ್ರ ಬೇಡ. ಸೊರ್ ಅನ್ನುವ ಆ ಸದ್ದು ನೂರು ಮೀಟರ್ ದೂರಕ್ಕೂ ಕೇಳುತ್ತದೆ, ನೀವು ಕೇಳಿಸಿಕೊಳ್ಳಬೇಕು ಅಲ್ವಾ?

ಎಂಟು ಗಂಟೆ ಮೇಲೆ ಹೊರಡಿ, ನಾಲ್ಕಕ್ಕೆಲ್ಲ ಇಳಿದುಬಿಡಿ. ಸೂರ್ಯೋದಯ ನೋಡುವ ಆಸೆಗೆ ಕತ್ತಲಲ್ಲಿ ಹತ್ತಬೇಡಿ. ಹಗಲಲ್ಲಿ ಕರಡಿ ಬಂಡೆ ಸಂದಿಯಲ್ಲಿ, ಗವಿಯಲ್ಲಿ ಮಲಗಿರುತ್ತದೆ. ಫೋಟೋ ಅಂತ ಗವಿಯೊಳಗೆ ಇಣುಕುವುದು ತೀರಾ ಅಪಾಯ. ಹೊಸದಾಗಿ ಅಗೆದ ಹುತ್ತ, ಹಸಿ ಮಣ್ಣು, ಹಣ್ಣಿನ ಬೀಜ ತುಂಬಿದ ಲದ್ದಿ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಇಷ್ಟೆಲ್ಲ ಆದರೂ ಎದುರಾದರೆ? ಐವರೂ ಒತ್ತಾಗಿ ನಿಲ್ಲಿ. ಯಾರೂ ಚೆಲ್ಲಾಪಿಲ್ಲಿ ಆಗಬಾರದು. ಮೆಲ್ಲಗೆ ಮಾತಾಡುತ್ತ ಹಿಂದೆ ಸರಿಯಿರಿ. ನುಗ್ಗಿ ಬಂದರೆ ಓಡದೆ ಕೋಲು ಮುಂದೆ ಹಿಡಿದು ನಿಲ್ಲಿ, ಎಷ್ಟೋ ಸಲ ಹತ್ತಿರ ಬಂದು ನಿಂತು ತಿರುಗಿ ಹೋಗುತ್ತದೆ.

ಮೈಮೇಲೆ ಬಿತ್ತು ಅಂದಾಗ ಮಾತ್ರ ಆ ಕಥೆಯ ಮಲಗುವ ಪಾಠ. ಅಂಗಾತ ಅಲ್ಲ, ಬೋರಲು. ಕರಡಿ ಪರಚುವುದು ಮುಖ, ತಲೆಗೆ. ಮುಖ ನೆಲಕ್ಕೆ ಒತ್ತಿ, ಎರಡೂ ಕೈ ಬೆರಳು ಹೆಣೆದು ಕತ್ತಿನ ಹಿಂದೆ ಇಟ್ಟು, ಮೊಣಕೈಯಿಂದ ಕೆನ್ನೆ ಮುಚ್ಚಿ. ಬೆನ್ನಿನ ಬ್ಯಾಗು ಬಿಚ್ಚಬೇಡಿ. ನಮ್ಮೂರಿನ ಕುರಿ ಕಾಯುವ ಅಣ್ಣ ಒಬ್ಬರು ನಸುಕಿನಲ್ಲಿ ಶೇಂಗಾ ಹೊಲದ ಬದುವಿನಲ್ಲಿ ಸಿಕ್ಕಿಬಿದ್ದು ಹೀಗೇ ಮಲಗಿದರು, ತಲೆ ಮೇಲೆ ಕಂಬಳಿ ಕೊಪ್ಪೆ ಇತ್ತು. ಆ ಕಂಬಳಿ ನಾನು ನೋಡಿದ್ದೇನೆ. ಗೇಣುದ್ದದ ಮೂರು ಸೀಳು, ಬ್ಲೇಡಿನಲ್ಲಿ ಕೊಯ್ದ ಹಾಗೆ. ಅವರ ಭುಜಕ್ಕೆ ಹೊಲಿಗೆ ಬಿತ್ತು, ಮುಖ ಉಳಿಯಿತು. ಕರಡಿ ಹೋಯಿತು ಅಂತ ತಕ್ಷಣ ಏಳಲಿಲ್ಲ ಅವರು, ನೀವೂ ಏಳಬೇಡಿ.

ಗಾಯ ಚಿಕ್ಕದಿದ್ದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಟೆಟನಸ್ ಜೊತೆ ರೇಬಿಸ್ ಚುಚ್ಚುಮದ್ದನ್ನೂ ಕೇಳಿ. ನಾಯಿ ಕಚ್ಚಿದರೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು.

ಕರಡಿ ನೋಡಲೇಬೇಕು ಅಂತ ಆಸೆ ಇದ್ದರೆ 1994ರಲ್ಲಿ ಆದ ದರೋಜಿ ಕರಡಿಧಾಮ ಹಂಪಿಗೆ ಹತ್ತಿರವೇ ಇದೆ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರಕ್ಕೆ ಹೋಗಿ ಕೂತುಕೊಳ್ಳಿ. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿದಿರುತ್ತಾರೆ. ಬಿಸಿಲು ಇಳಿದಂತೆ ಒಂದೊಂದಾಗಿ ಬರುತ್ತವೆ, ಮರಿ ಹೊತ್ತ ತಾಯಿಯೂ ಬರಬಹುದು. ದುರ್ಬೀನು ತನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ.