ಉಪಭಾಷೆ ಎಂದವರು ಯಾರು?

‘ಕಳೆದ ಸಂಚಿಕೆಯಲ್ಲಿ ಮಧ್ಯ ಏಷ್ಯಾದ ಪಾಮಿರ್ ಬೆಟ್ಟಗಳ ಶುಗ್ನಿ ಜನರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಲಿಪಿಯಿಲ್ಲದ ಒಂದು ಉಪಭಾಷೆಗೆ ಅಷ್ಟು ಜಾಗವೇ? ಅವರು ತಾಜಿಕ್ ಕಲಿತು ಮುಂದೆ ಬರಲಿ.’
– ಓದುಗರೊಬ್ಬರು, ಶಿವಮೊಗ್ಗ

ಮಾನ್ಯರೇ,

ತಾಜಿಕ್ ಬೇಕು, ಒಪ್ಪಿದೆ. ತಾಜಿಕಿಸ್ತಾನದ ಶಾಲೆ, ಕಚೇರಿ, ನೌಕರಿಗೆಲ್ಲ ಅದೇ ದಾರಿ. ಶುಗ್ನಿಗಳು ಅದನ್ನು ಕಲಿತೇ ಇದ್ದಾರೆ. ತಾಜಿಕ್ ಎಂದರೆ ಪಾರಸಿಯದೇ ಒಂದು ರೂಪ; ಶಿಯಾ ಮುಸ್ಲಿಮರ ಇಸ್ಮಾಯಿಲಿ ಪಂಥದವರಾದ ಇವರ ಭಕ್ತಿಗೀತೆಗಳೂ ಹೆಚ್ಚಾಗಿ ಪಾರಸಿಯವೇ.

ಆದರೆ ‘ಉಪಭಾಷೆ’ ಅಂದಿರಲ್ಲ, ಅಲ್ಲಿ ನಾನು ಸುಮ್ಮನಿರಲಾರೆ. ಇರಾನಿ ಭಾಷಾ ಕುಟುಂಬದಲ್ಲಿ ತಾಜಿಕ್ ಪಶ್ಚಿಮ ಕವಲಿನದು, ಶುಗ್ನಿ ಪೂರ್ವದ್ದು. ತಾಜಿಕ್ ಎಂದೋ ಕಳೆದುಕೊಂಡ ಗಂಡು-ಹೆಣ್ಣು ಲಿಂಗಭೇದ ಶುಗ್ನಿ ವ್ಯಾಕರಣದಲ್ಲಿ ಇಂದಿಗೂ ಇದೆ. ಮನೆಗೆ ತಾಜಿಕ್‌ನಲ್ಲಿ ‘ಖೊನಾ’, ಶುಗ್ನಿಯಲ್ಲಿ ‘ಚೀದ್’. ಆ ಚೀದ್‌ನ ಐದು ಕಂಬಗಳಿಗೆ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಎಂಬ ಹೆಸರು. ನೆತ್ತಿಯಲ್ಲಿ ಒಂದರೊಳಗೊಂದು ನಾಲ್ಕು ಚೌಕ, ನಡುವೆ ಬೆಳಕಿಂಡಿ. ಕರಮ್‌ಶೊಯೆವ್ ಎಂಬ ಭಾಷಾತಜ್ಞರ ಶುಗ್ನಿ-ರಷ್ಯನ್ ನಿಘಂಟು ಮೂರು ಸಂಪುಟಗಳಷ್ಟಿದೆ.

ಲಿಪಿಯ ಮಾತಿಗೆ ಬನ್ನಿ. 1930ರ ದಶಕದಲ್ಲಿ ಲ್ಯಾಟಿನ್ ಅಕ್ಷರಗಳಲ್ಲಿ ಶುಗ್ನಿ ಪಾಠಪುಸ್ತಕಗಳು ಬಂದಿದ್ದವು. ಆ ದಶಕ ಮುಗಿಯುವ ಮೊದಲೇ ಸೋವಿಯತ್ ಆಡಳಿತ ಅದನ್ನು ನಿಲ್ಲಿಸಿತು. ಕಸಿದವರನ್ನು ಬಿಟ್ಟು, ಕಳೆದುಕೊಂಡವರನ್ನೇ ‘ನಿಮ್ಮ ಲಿಪಿ ಎಲ್ಲಿ’ ಎಂದು ಕೇಳುವುದು ಯಾವ ನ್ಯಾಯ?

ನೆಲದ ಕಥೆಯೂ ಇದೇ. 1895ರಲ್ಲಿ ಬ್ರಿಟನ್, ರಷ್ಯಾ ಕೂತು ಪಂಜ್ ನದಿಯನ್ನೇ ಗಡಿ ಮಾಡಿದವು. ಈ ದಡದಲ್ಲಿ ತಾಜಿಕಿಸ್ತಾನದ ಖೊರೊಗ್ ಪಟ್ಟಣ, ಆ ದಡದಲ್ಲಿ ಅಫ್ಘಾನಿಸ್ತಾನದ ಶಿಗ್ನಾನ್; ಎರಡೂ ಕಡೆ ಆಡುವುದು ಶುಗ್ನಿಯೇ. ಎದುರು ದಡದ ನೆಂಟರ ಮನೆಯ ಹೊಗೆ ಕಾಣುತ್ತಿತ್ತು, ಹೋಗುವಂತಿರಲಿಲ್ಲ. ಖೊರೊಗ್ ಬಳಿ ಸೇತುವೆ ಬಂದದ್ದು 2002ರಲ್ಲಿ. ತಾಜಿಕಿಸ್ತಾನದ ಜನಗಣತಿಯಲ್ಲಂತೂ ಅವರನ್ನು ತಾಜಿಕರೆಂದೇ ಬರೆದುಕೊಳ್ಳುತ್ತಾರೆ.

ನನ್ನ ಜೊತೆ ಪ್ರಾಥಮಿಕ ಶಾಲೆಯಲ್ಲಿ ತುಳು ಹುಡುಗನೊಬ್ಬ ಓದುತ್ತಿದ್ದ. ತರಗತಿಯಲ್ಲಿ ತಮ್ಮನ ಜೊತೆ ತುಳುವಿನಲ್ಲಿ ಮಾತಾಡಿದನೆಂದು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ‘ಅದೂ ಒಂದು ಭಾಷೆಯೇನೋ?’ ಅಂದರು. ನಾವೆಲ್ಲ ನಕ್ಕೆವು. ಆ ನಗು ನನ್ನನ್ನು ಈಗಲೂ ಕಾಡುತ್ತದೆ. ಹಿಂದಿ ಹೇರಿಕೆ ಎಂದರೆ ಸಿಡಿದೇಳುವ ನಾವು, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ತುಳುವಿಗೆ ಜಾಗ ಕೇಳುವವರ ಪಕ್ಕ ಎಷ್ಟು ಸಲ ನಿಂತಿದ್ದೇವೆ?

ನೀವು ಪತ್ರ ಬರೆಯುವಷ್ಟು ಗಮನವಿಟ್ಟು ಓದಿದ್ದೀರಿ, ಅದು ಸಂತೋಷ. ಆ ನಾಲ್ಕು ಪುಟಗಳನ್ನು ಇನ್ನೊಮ್ಮೆ ತೆರೆಯಿರಿ. ಮುಂದಿನ ಸಂಚಿಕೆಯಲ್ಲಿ ಚೀದ್ ಮನೆಯ ನಕ್ಷೆಯನ್ನೂ ಅಚ್ಚು ಹಾಕುತ್ತಿದ್ದೇವೆ.

– ಸಂಪಾದಕ