ಸ್ಪಾಕ್‌ನ ಹುಬ್ಬು, ದುರ್ಯೋಧನನ ಮಾವ

ಪ್ರಶ್ನೆ: ಪಿಯುಸಿ ಓದುವ ಮಗಳ ಜೊತೆ ಕೂತು 'ಸ್ಟಾರ್ ಟ್ರೆಕ್' ಅನ್ನೋ ಬಾಹ್ಯಾಕಾಶ ಹಡಗಿನ ಕಥೆಯ ಹಳೆಯ ಅಮೆರಿಕನ್ ಧಾರಾವಾಹಿ ನೋಡುತ್ತಿದ್ದೇನೆ. ಅದರಲ್ಲಿ ಬೇರೆ ಗ್ರಹದ ಮೂಲದ ಅಧಿಕಾರಿ ಸ್ಪಾಕ್ ನಗುವುದಿಲ್ಲ, ಅಳುವುದಿಲ್ಲ. ಆದರೂ ಕ್ಯಾಪ್ಟನ್ ಕರ್ಕ್ ಅಂದ್ರೆ ಅವನಿಗೆ ಪ್ರಾಣ ಅಂತ ಗೊತ್ತಾಗುತ್ತದೆ. ಇದು ಬರೆದವರ ಕೈಚಳಕವೋ, ನಟರದ್ದೋ?
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ಬರೆದವರಿಗೆ ಅರ್ಧ ಕೊಡೋಣ ಮೇಡಂ. ಉಳಿದರ್ಧ ನಟರದ್ದು. ಅದರಲ್ಲೂ ಎದುರಿಗೆ ನಿಂತ ನಟನದ್ದು.

ಮೊದಲು ತಯಾರಾದ ಮಾದರಿ ಕಂತಿನಲ್ಲಿ ಕರ್ಕ್ ಇರಲೇ ಇಲ್ಲ. ಜೆಫ್ರಿ ಹಂಟರ್ ಎಂಬ ನಟ ಬೇರೊಬ್ಬ ಕ್ಯಾಪ್ಟನ್ ಆಗಿದ್ದರು. ಅವರದು ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವ ನಟನೆ. ಇಬ್ಬರೂ ತಣ್ಣಗಿದ್ದರೆ ದೃಶ್ಯ ಮೇಲೇಳುತ್ತದಾ? ಹಾಗಾಗಿ ಸ್ಪಾಕ್ ಮಾಡಿದ ಲಿಯೊನಾರ್ಡ್ ನಿಮೋಯ್ ಅಲ್ಲಿ ಜೋರು ದನಿ ತೆಗೆಯುತ್ತಾರೆ, ಒಂದು ಗಿಡ ನೋಡಿ ನಗುತ್ತಾರೆ ಕೂಡ! ಆಮೇಲೆ ವಿಲಿಯಂ ಶಾಟ್ನರ್ ಕರ್ಕ್ ಆಗಿ ಬಂದರು. ಮೈಯೆಲ್ಲ ಮಾತಾಡುವ ನಟ. ಅವರು ಬಂದ ಮೇಲೇ ತನಗೆ ಸುಮ್ನೆ ನಿಲ್ಲೋಕೆ ಜಾಗ ಸಿಕ್ಕಿತು ಅಂತ ನಿಮೋಯ್ ಹೇಳಿಕೊಂಡಿದ್ದಾರೆ. ನೀವು ನೋಡುತ್ತಿರುವ ಸ್ಪಾಕ್ ಹುಟ್ಟಿದ್ದು ಹೀಗೆ.

ಸ್ಪಾಕ್ ಕತ್ತು ಚಿವುಟಿ ಎದುರಾಳಿಯ ಎಚ್ಚರ ತಪ್ಪಿಸುವ ವಿದ್ಯೆ ಇದೆಯಲ್ಲ, ಅದೂ ಹೀಗೇ. 1966ರ ಒಂದು ಕಂತಿನಲ್ಲಿ ಸ್ಪಾಕ್ ಹಿಂದಿನಿಂದ ಬಂದು ಕರ್ಕ್‌ನ ದುಷ್ಟ ಪ್ರತಿರೂಪದ (ಅದೂ ಶಾಟ್ನರ್ ಅವರೇ) ತಲೆಗೆ ಬಂದೂಕಿನ ಹಿಡಿಯಿಂದ ಹೊಡೆಯಬೇಕು ಅಂತ ಬರೆದಿತ್ತು. ಇದು ಸ್ಪಾಕ್ ಮಾಡುವ ಕೆಲಸವಲ್ಲ ಅಂದರು ನಿಮೋಯ್. ಬದಲಿಗೆ ಕತ್ತಿನ ಬುಡ ಹಿಡಿದರು. ಶಾಟ್ನರ್ ತಟ್ಟನೆ ಸೆಟೆದು ದೊಪ್ಪನೆ ಬಿದ್ದರು. ಹಿಡಿದದ್ದು ನಿಮೋಯ್, ನಂಬಿಸಿದ್ದು ಶಾಟ್ನರ್.

ಇದರ ಬೆಲೆ ನನಗೆ ಗೊತ್ತಾಗಿದ್ದು ಚನ್ನರಾಯಪಟ್ಟಣದ ಹತ್ತಿರ ನಮ್ಮೂರಿನ 'ಕುರುಕ್ಷೇತ್ರ' ನಾಟಕದಲ್ಲಿ. ನಮ್ಮ ಕಡೆ ಪಾತ್ರಕ್ಕೆ ದುಡ್ಡು ಕಟ್ಟಬೇಕು, ನಿಮಗೂ ಗೊತ್ತಿರುತ್ತದೆ. ಎಲ್ಲರಿಗಿಂತ ಜಾಸ್ತಿ ಕಟ್ಟಿದವನು ದುರ್ಯೋಧನ. ನಾನು ಕರ್ಣ. ಪ್ರಾಣ ಕೊಡೋ ಗೆಳೆತನದ ದೃಶ್ಯ. ನಾನು ಕಣ್ಣಲ್ಲಿ ನೀರು ತಂದುಕೊಂಡು ಅವನ ಮುಖ ನೋಡುತ್ತೇನೆ, ಅವನು ಮೊದಲ ಸಾಲಲ್ಲಿ ಕೂತ ಮಾವನ ಮುಖ ನೋಡುತ್ತಾನೆ! ಕಂದಪದ್ಯ ಹೇಳಿದ, ಭುಜ ತಟ್ಟಿದ, ಕಣ್ಣು ಮಾತ್ರ ಈ ಕಡೆ ತಿರುಗಲಿಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು ಅನ್ನಿ. ಬೆಳಗಿನ ಜಾವ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಮುಚ್ಚುತ್ತಾ, "ಕರ್ಣಂಗೆ ಇವತ್ತು ಸ್ನೇಹಿತ್ನೇ ಇರ್ಲಿಲ್ಲ ಕಣಯ್ಯ" ಅಂದರು.

ಡಾಕ್ಟರ್ ಮೆಕಾಯ್ ಪಾತ್ರದ ಡಿಫಾರೆಸ್ಟ್ ಕೆಲ್ಲಿಯವರನ್ನೂ ಮರೆಯಬೇಡಿ. ಮೊದಲ ವರ್ಷ ಶುರುವಿನ ಹೆಸರುಗಳಲ್ಲಿ ಅವರು ಇರಲಿಲ್ಲ. ಸ್ಪಾಕ್ ಜೊತೆ ಅವರ ಜಗಳ ಅಷ್ಟು ರುಚಿಯಾಗಿತ್ತು. ಎರಡನೇ ವರ್ಷ ಹೆಸರು ಮುಂದೆ ಬಂತು.

ಒಟ್ಟು 79 ಕಂತುಗಳಿವೆ, ಆತುರ ಬೇಡ. ಮಗಳ ಜೊತೆ ಒಂದು ಕಂತನ್ನು ಸೌಂಡ್ ಆಫ್ ಮಾಡಿ ನೋಡಿ. ಕರ್ಕ್ ಮಾತಾಡುವಾಗ ಅವನನ್ನು ಬಿಡಿ, ಸ್ಪಾಕ್‌ನ ಹುಬ್ಬಿನ ಮೇಲೆ ಕಣ್ಣಿಡಿ.